ಏಳನೆಯ ಪ್ರಶ್ನೆಯ ಮನೆಯವರು

ಜೂನ್ ೩, ಸೋಮವಾರ

ಇವತ್ತು ಕಚೇರಿಯಲ್ಲಿ ಸಿಹಿ ಹಂಚಿದರು. ಅಂಕಿಅಂಶ ಕಚೇರಿಯಲ್ಲಿ ಸಿಹಿ ಬಂತೆಂದರೆ ಯಾರೋ ನಿವೃತ್ತರಾದರು ಎಂದೇ ಅರ್ಥ. ಹಾಗಾಗಿ ಯಾರು ಹೋಗುತ್ತಿದ್ದಾರೆ ಎಂದು ಸುತ್ತ ನೋಡಿದೆ. ಯಾರೂ ಹೋಗುತ್ತಿರಲಿಲ್ಲ. ಐದು ದೇಶಗಳು ಸೇರಿ ನಡೆಸುತ್ತಿರುವ ಆಹಾರ ಸಮೀಕ್ಷೆಯಲ್ಲಿ ನಮ್ಮ ಕೋಷ್ಟಕ ತಯಾರಾಗಿತ್ತು. ಗುಡ್ಡದ ಸೀಮೆಯಲ್ಲಿ ಹಿಂದಿನ ಸಲ ನೂರಕ್ಕೆ ಮೂವತ್ತಾರು ಮನೆಗಳಲ್ಲಿ ಜನ ಹಸಿದು ಮಲಗುತ್ತಿದ್ದರು. ಈ ಸಲ ಮೂರು.

"ಮೂರು ಪಾಯಿಂಟ್ ಎರಡು" ಎಂದು ನಿರ್ದೇಶಕರು ತಿದ್ದಿದರು. ಅವರಿಗೆ ನಾವು ಬೆನ್ನ ಹಿಂದೆ ಇಟ್ಟಿರುವ ಹೆಸರು ದಶಾಂಶ ಸಾಹೇಬರು. ಮಕ್ಕಳೆಷ್ಟು ಎಂದು ಕೇಳಿದರೂ ಬಿಂದು ಹಾಕಿಯೇ ಹೇಳುವವರು.

ಪ್ರಶ್ನೆಗಳನ್ನು ನಮ್ಮ ಭಾಷೆಗೆ ತಂದವಳು ನಾನು. ಹಿಂದಿನ ಪ್ರಶ್ನಾವಳಿಯಲ್ಲಿ "ತಮ್ಮ ಕುಟುಂಬದ ಸದಸ್ಯರಲ್ಲಿ ಯಾರಾದರೂ ಆಹಾರದ ಅಲಭ್ಯತೆಯ ಕಾರಣ" ಎಂದೆಲ್ಲ ಇತ್ತು. ಓದಿದರೆ ಕಚೇರಿಯ ಕಡತದ ದೂಳು ಮೂಗಿಗೆ ಬರುತ್ತಿತ್ತು. ನಾನು ಅದನ್ನೆಲ್ಲ ಕಿತ್ತು ಹಾಕಿ, ಜನ ಬಾಗಿಲಲ್ಲಿ ನಿಂತು ಆಡುವ ಮಾತಿಗೆ ಇಳಿಸಿದೆ. "ನಿಮ್ಮ ಪ್ರಶ್ನೆಗಳು ಎಲ್ಲೂ ತೊಡರಲಿಲ್ಲವಂತಲ್ಲ" ಎಂದು ಸಾಹೇಬರು ಎಲ್ಲರೆದುರು ಹೊಗಳಿದರು. ಸುಳ್ಳೇಕೆ, ಖುಷಿಯಾಯಿತು. ನನ್ನ ಗಂಡ ತೀರಿಹೋದ ಮೇಲೆ ನನಗೆ ಖುಷಿಯಾದದ್ದು ಇದೇ ಮೊದಲು.

ಉಳಿದ ಸಿಹಿಯನ್ನು ತಂದು ಅತ್ತೆಯ ಕೋಣೆಯ ಮೇಜಿನ ಮೇಲಿಟ್ಟೆ. "ಏನಿದು?" ಅಂದರು. "ಕಚೇರೀದು" ಅಂದೆ. ಅಲ್ಲಿಗೆ ಮಾತು ಮುಗಿಯಿತು. ಅತ್ತೆಯ ಮಗ, ನನ್ನ ಗಂಡ, ಫೆಬ್ರವರಿಯವರೆಗೂ ಊಟದ ಮೇಜಿನ ನಡುವೆ ಕೂರುತ್ತಿದ್ದರು. ನಾವಿಬ್ಬರೂ ಉಪ್ಪು ಬೇಕಾದರೂ ಅವರ ಮೂಲಕವೇ ಕೇಳುತ್ತಿದ್ದೆವು. ಈಗ ಅತ್ತೆ ಬೇಗ ಉಂಡು ಬಾಗಿಲು ಹಾಕಿಕೊಳ್ಳುತ್ತಾರೆ. ನಾನು ಒಲೆಯ ಪಕ್ಕ ನಿಂತುಕೊಂಡು, ಪಾತ್ರೆಯಲ್ಲಿ ಉಳಿದದ್ದನ್ನು ತಿಂದು ತೊಳೆದಿಡುತ್ತೇನೆ. ತಟ್ಟೆಯೂ ಬೇಕಾಗುವುದಿಲ್ಲ.

ಜೂನ್ ೭, ಶುಕ್ರವಾರ

ಪಕ್ಕದ ದೇಶದಿಂದ ತಜ್ಞೆ ಬಂದಿದ್ದಾರೆ. ಐದು ದೇಶಗಳ ಅಂಕಿಗಳು ಒಂದರ ಪಕ್ಕ ಒಂದು ಕೂರಬೇಕಾದರೆ ಒಬ್ಬರ ಕೋಷ್ಟಕವನ್ನು ಇನ್ನೊಬ್ಬರು ಪರೀಕ್ಷಿಸಬೇಕು ಎನ್ನುವುದು ಒಪ್ಪಂದ. ಕಚೇರಿಯಲ್ಲಿ ಆಗಲೇ ಅವರಿಗೆ ಪರದೇಶಿ ಮೇಡಂ ಎಂದು ಹೆಸರು ಬಿದ್ದಿದೆ. ಉದ್ದನೆಯ ಹೆಂಗಸು, ಚಹಾಕ್ಕೆ ಸಕ್ಕರೆ ಬೇಡ, ಕುರ್ಚಿಗೆ ದಿಂಬು ಬೇಡ, ಹೊಗಳಿಕೆಯೂ ಬೇಡ. ನಾವು ಮಾತಾಡುವುದು ಇಂಗ್ಲಿಷಿನಲ್ಲಿ. ಇಬ್ಬರಿಗೂ ಅದು ಬಾಡಿಗೆ ಮನೆ. ಮೊಳೆ ಹೊಡೆಯುವಾಗಲೂ ಯೋಚಿಸಬೇಕು.

ಬಂದ ದಿನವೇ ತಕರಾರು ತೆಗೆದರು. ಹೊಲದಲ್ಲಿ ಒಂದು ಚೌಕ ಗುರುತು ಮಾಡಿ, ಅಷ್ಟನ್ನು ಕೊಯ್ದು ತೂಗಿ, ಇಡೀ ಸೀಮೆಯ ಬೆಳೆ ಎಷ್ಟಾದೀತು ಎಂದು ನಾವು ಲೆಕ್ಕ ಹಾಕುತ್ತೇವಲ್ಲ, ಆ ತೂಕ ಈ ವರ್ಷ ಗುಡ್ಡದಲ್ಲಿ ಇಳಿದಿದೆ. ಸಂತೆಯಲ್ಲಿ ಧಾನ್ಯದ ಬೆಲೆ ಏರಿದೆ. "ಬೆಳೆ ಕಡಿಮೆ, ಬೆಲೆ ಜಾಸ್ತಿ, ಹಸಿವು ಮಾತ್ರ ಮಾಯ. ಹೇಗೆ?" ಎಂದು ಕೇಳಿದರು.

"ನಮ್ಮ ಜನ ಅಚ್ಚುಕಟ್ಟು" ಎಂದು ಸಾಹೇಬರು ಹೇಳಿದರು. ಮೇಡಂ ಅದನ್ನು ಬರೆದುಕೊಳ್ಳಲಿಲ್ಲ.

ಗುಡ್ಡದ ಸೀಮೆಯಲ್ಲಿ ಐದು ದೇಶಗಳ ಜಂಟಿ ನಿಧಿಯಿಂದ ತಿಂಗಳಿಗೊಮ್ಮೆ ಧಾನ್ಯ ಹಂಚುವ ಕೇಂದ್ರಗಳು ನಡೆಯುತ್ತಿವೆ. ಜುಲೈಯ ಸಭೆಯಲ್ಲಿ ಈ ಮೂರು ಎನ್ನುವ ಅಂಕಿ ಒಪ್ಪಿಗೆಯಾದರೆ ಆಗಸ್ಟಿನಿಂದ ಅವು ಮುಚ್ಚುತ್ತವೆ. ಧಾನ್ಯ ಬೇರೆ ಕಡೆಗೆ ಹೋಗುತ್ತದೆ. ಹಸಿವಿಲ್ಲದ ಕಡೆ ಕೇಂದ್ರ ಯಾಕೆ ಎನ್ನುವುದು ಸರಿಯಾದ ಮಾತೇ. ಈ ಮೇಡಂಗೆ ಒಳ್ಳೆ ಸುದ್ದಿ ಅಂದರೆ ಅಲರ್ಜಿ ಎಂದು ನನಗನ್ನಿಸಿತು.

ಮನೆಯಲ್ಲಿ ಅತ್ತೆ ತಾವಾಗಿ ಕೇಳಿದರು, "ಯಾಕೆ ಮುಖ ಊದಿಸ್ಕೊಂಡಿದೀಯ?" ಪರದೇಶಿ ಮೇಡಂ ಕಥೆ ಹೇಳಿದೆ. "ಪರದೇಶಿಗಳು ನಾವಿಬ್ರು. ಅವಳಿಗೇನು, ವಾಪಸ್ ಹೋಗೋಕೆ ದೇಶ ಇದೆ" ಎಂದು ಎದ್ದು ಹೋದರು. ನಗಬೇಕೋ ಬೇಡವೋ ತಿಳಿಯಲಿಲ್ಲ.

ಜೂನ್ ೧೩, ಗುರುವಾರ

ಕೆಟ್ಟ ದಿನ. ಮನೆಮನೆಗೆ ಹೋಗಿ ಪ್ರಶ್ನೆ ಕೇಳಿದ ಗುಡ್ಡದ ತಂಡವನ್ನು ಕರೆಸಿದ್ದರು. ಯಾವುದೋ ಮರದ ಕೆಳಗೆ ಕೂತು ಎಲ್ಲರ ಉತ್ತರವನ್ನೂ ತಾವೇ ತುಂಬಿದ್ದಾರೆ ಎಂದು ಮೇಡಂಗೆ ಅನುಮಾನ. ತಂಡದ ಮೇಲ್ವಿಚಾರಕನಿಗೆ ಪೊದೆ ಮೀಸೆ. ಎಲ್ಲರೂ ಮೀಸೆ ಎಂದೇ ಕರೆಯುತ್ತಾರೆ. ಇವತ್ತು ಆ ಮೀಸೆಯೂ ಇಳಿದುಹೋಗಿತ್ತು.

"ಅಮ್ಮ, ನೀವು ಬರೆದುಕೊಟ್ಟಿದ್ದನ್ನ ಒಂದಕ್ಷರ ಬಿಡದೆ ಓದಿದೀವಿ" ಎಂದು ನನ್ನ ಕಡೆ ತಿರುಗಿದ. "ಅಡುಗೆ ಮಾಡೋರನ್ನೇ ಕೇಳಬೇಕು ಅಂದ್ರಿ, ಹೆಂಗಸರನ್ನೇ ಕೇಳಿದೀವಿ. ಒಬ್ಬರೂ ತಡವರಿಸಲಿಲ್ಲ. ಏಳನೇ ಪ್ರಶ್ನೆಗಂತೂ ಒಬ್ಬಾಕೆ ನನ್ನ ಮೇಲೇ ರೇಗಿದ್ಲು. 'ಜೀವ ಹೋದ್ರೂ ಹಾಗೆ ಮಲಗೋಕೆ ಬಿಡ್ತೀನಾ?' ಅಂತ. ಇದನ್ನ ನಾನು ಮರದ ಕೆಳಗೆ ಕೂತು ಕಟ್ಟೋಕಾಗತ್ತಾ?"

ನನಗೆ ಪಾಪ ಅನ್ನಿಸಿತು. ಸಾಹೇಬರಿಗೆ ಅಂಕಿಯೂ ಉಳಿಯಬೇಕು, ಮೇಡಂ ಬಾಯಿಯೂ ಮುಚ್ಚಬೇಕು. ತಂಡವನ್ನು ಮುಂದಿನ ಶುಕ್ರವಾರ ಕೆಲಸದಿಂದ ತೆಗೆಯುವುದಂತೆ, ಕೋಷ್ಟಕ ಮಾತ್ರ ಹಾಗೇ ಹೋಗುವುದಂತೆ. ಇದಕ್ಕೆ ತಲೆಬುಡವಿದೆಯೇ ಎಂದು ಕೇಳುವವರು ಯಾರೂ ಇರಲಿಲ್ಲ. ನಾನೂ ಕೇಳಲಿಲ್ಲ.

ತಲೆನೋವು. ಊಟ ಸೇರಲಿಲ್ಲ.

ಜೂನ್ ೧೬, ಭಾನುವಾರ

ಇದನ್ನು ಇವತ್ತೇ ಬರೆದಿಡಬೇಕು.

ಬೆಳಗ್ಗೆ ನೀರಿನ ಮೀಟರ್ ಬದಲಿಸುವವನು ಬಂದ. ಬಾಗಿಲು ತೆರೆದೆ. ಚೀಟಿ ಚಾಚಿ, "ಮನೆಯವರು ಇದಾರಾಮ್ಮ?" ಅಂದ.

ಅವನು ಕೇಳಿದ್ದು ಸಹಿ ಹಾಕಲು ಯಾರಾದರೂ ಇದ್ದಾರಾ ಅಂತ. ನನ್ನ ಬಾಯಿಂದ ಬಂದದ್ದು, "ಇಲ್ಲಪ್ಪ. ಹೋಗ್ಬಿಟ್ರು." ಅವನು ಪೆಚ್ಚಾಗಿ, "ಎಷ್ಟೊತ್ತಿಗೆ ಬರ್ತಾರೆ?" ಅಂದ. ನಾನು ಬಾಗಿಲ ಚೌಕಟ್ಟು ಹಿಡಿದುಕೊಂಡೆ. ಆಗ ಒಳಗಿಂದ ಅತ್ತೆ, "ಇದೀವಪ್ಪ, ಇಬ್ರಿದೀವಿ! ಎಲ್ಲಿ ಹಾಕ್ಬೇಕು ಸಹಿ?" ಎಂದು ಬಂದವರು ಚೀಟಿ ಕಸಿದುಕೊಂಡು ಸಹಿ ಹಾಕಿ, ಅವನನ್ನು ಮೀಟರ್ ಕಡೆಗೆ ಅಟ್ಟಿದರು.

ನಾನು ಬಚ್ಚಲಿಗೆ ಹೋಗಿ ನಲ್ಲಿ ಬಿಟ್ಟುಕೊಂಡು ಅತ್ತುಬಿಟ್ಟೆ. ನಾಲ್ಕು ತಿಂಗಳಲ್ಲಿ ಹೀಗೆ ಅತ್ತಿರಲಿಲ್ಲ. ಮದುವೆಯಾದಂದಿನಿಂದ ಗಂಡನನ್ನು ಹೆಸರು ಹಿಡಿದು ಕರೆದವಳಲ್ಲ. ಪಕ್ಕದವರ ಹತ್ತಿರ, ಫೋನಿನಲ್ಲಿ, ಆಸ್ಪತ್ರೆಯ ಕಿಟಕಿಯಲ್ಲಿ, ಎಲ್ಲ ಕಡೆ "ನಮ್ಮನೆಯವರು" ಅಂದೇ ರೂಢಿ. ಆ ಒಂದು ಮಾತಿಗೆ ನನ್ನ ಕಿವಿಯಲ್ಲಿ ಬೇರೆ ಅರ್ಥವೇ ಇಲ್ಲ.

ಮುಖಕ್ಕೆ ನೀರು ಹಾಕಿಕೊಳ್ಳುತ್ತಿದ್ದಾಗ ಏಳನೆಯ ಪ್ರಶ್ನೆ ನೆನಪಾಯಿತು. ನಾನೇ ಬರೆದದ್ದು. "ಕಳೆದ ಹನ್ನೆರಡು ತಿಂಗಳಲ್ಲಿ, ಊಟಕ್ಕೆ ಸಾಲದೆ, ನಿಮ್ಮ ಮನೆಯವರು ಹಸಿದು ಮಲಗಿದ್ದುಂಟಾ?"

ಗುಡ್ಡದ ಅಷ್ಟೂ ಹೆಂಗಸರು ತಂತಮ್ಮ ಗಂಡಂದಿರ ಊಟದ ಲೆಕ್ಕ ಕೊಟ್ಟಿದ್ದಾರೆ. ಜೀವ ಹೋದರೂ ಹಾಗೆ ಮಲಗೋಕೆ ಬಿಡ್ತೀನಾ ಎಂದು ಆಕೆ ರೇಗಿದ್ದು ಸುಳ್ಳಲ್ಲ. ಬಿಟ್ಟಿರಲಾರಳು. ಅವಳು ಏನು ತಿಂದಳು ಎಂದು ನಾವು ಕೇಳಲೇ ಇಲ್ಲ.

"ಯಾರಾದರೂ" ಎಂಬ ಪದ ಹಿಂದಿನದರಲ್ಲಿ ಇತ್ತು. ವಾಕ್ಯ ಉದ್ದವಾಯಿತೆಂದು ತೆಗೆದವಳು ನಾನು. ಪ್ರಶ್ನೆ ಅರ್ಥವಾಗುತ್ತದೆಯೇ ಎಂದು ಮೊದಲು ಪರೀಕ್ಷೆ ಮಾಡಿದ್ದು ನಮ್ಮ ಕಚೇರಿಯಲ್ಲೇ, ಕೈಗೆ ಸಿಕ್ಕ ಗುಮಾಸ್ತರ ಮೇಲೆ, ಎಲ್ಲ ಗಂಡಸರ ಮೇಲೆ. ಅವರಿಗೆ ಮನೆಯವರು ಅಂದರೆ ಮನೆಮಂದಿ.

ಜೂನ್ ೧೭, ಸೋಮವಾರ

ಹೇಳಲಿಲ್ಲ.

ಮೇಡಂ ಕೋಣೆಯ ಮುಂದೆ ಎರಡು ಸಲ ಹಾದುಹೋದೆ. ಇಪ್ಪತ್ತು ವರ್ಷದ ಹೆಸರು. ಕೋಷ್ಟಕ ಆಗಲೇ ಐದೂ ದೇಶಗಳಿಗೆ ಹೋಗಿದೆ. ನನ್ನ ಊಹೆ ತಪ್ಪೂ ಇರಬಹುದು. ದುಃಖದಲ್ಲಿರುವವಳಿಗೆ ಎಲ್ಲದರಲ್ಲೂ ತನ್ನ ಗಂಡನೇ ಕಾಣುತ್ತಾನೆ ಎಂದು ಅಂದುಕೊಂಡರೆ?

ಜೂನ್ ೧೮, ಮಂಗಳವಾರ

ಸಂಜೆ ಅತ್ತೆ ಅಡುಗೆಮನೆಗೆ ಬಂದು, "ಎರಡು ದಿನದಿಂದ ಕಾಲು ಸುಟ್ಟ ಬೆಕ್ಕಿನ ಹಾಗೆ ಸುತ್ತುತಿದೀಯ. ಏನು ಹೇಳು" ಅಂದರು. ಹೇಳುವ ಬದಲು ಪ್ರಶ್ನೆಯನ್ನು ಓದಿದೆ. ಪರೀಕ್ಷೆಗೆ. ದನಿಯಲ್ಲಿ ಸುಳಿವು ಕೊಡದೆ.

"ನಮ್ಮನೆಯವರು ಹೋಗಿ ಎಷ್ಟು ವರ್ಷ ಆಯ್ತು, ಇದೇನೇ ಪ್ರಶ್ನೆ?" ಅಂದರು. "ಇದ್ದಾಗ ಒಂದು ದಿನವೂ ಅವರನ್ನ ಹಸಿದು ಮಲಗಿಸ್ಲಿಲ್ಲ, ಅದನ್ನ ಎಲ್ಲಿ ಬೇಕಾದ್ರೂ ಹೇಳ್ತೀನಿ."

ಮಣೆ ಎಳೆದು ಕೂತೆ.

"ಮತ್ತೆ ನೀವು, ಅತ್ತೆ?"

ಅವರು ಒಲೆಯ ಉರಿ ತಗ್ಗಿಸಿದರು. ಆಮೇಲೆ ಹೇಳಿದರು. ಮಾವನವರಿಗೆ ಕೆಲಸ ಹೋದ ವರ್ಷ, ನನ್ನ ಗಂಡ ಇನ್ನೂ ಚಿಕ್ಕವರು. ಅತ್ತೆ ಅಪ್ಪ ಮಗ ಇಬ್ಬರಿಗೂ ಬಡಿಸಿ, "ನಂದು ಆಮೇಲೆ" ಎಂದು ಒಳಗೆ ಹೋಗುತ್ತಿದ್ದರಂತೆ. ಖಾಲಿ ಪಾತ್ರೆಗೆ ಸೌಟು ತಾಗಿಸಿ ಸದ್ದು ಮಾಡುತ್ತಿದ್ದರಂತೆ, ಬಡಿಸಿಕೊಳ್ಳುವ ಹಾಗೆ. "ಸದ್ದು ಬರ್ದಿದ್ರೆ ಅವರು ತಟ್ಟೆ ಬಿಟ್ಟು ಏಳ್ತಿದ್ರು. ಅದಕ್ಕೆ."

"ನಿಮ್ಮ ಮಗನಿಗೆ ಗೊತ್ತಿತ್ತಾ?"

"ಗೊತ್ತಾಗ್ಬಾರ್ದು ಅಂತ ತಾನೇ ಸೌಟು ಬಡೀತಿದ್ದಿದ್ದು!" ಎಂದು ನಕ್ಕುಬಿಟ್ಟರು. ನನಗೆ ನಗು ಬರಲಿಲ್ಲ. ಇಷ್ಟು ವರ್ಷ ಇದೇ ಅಡುಗೆಮನೆಯಲ್ಲಿ ಇವರ ಸೌಟಿನ ಸದ್ದಿಗೆ ಸಿಡಿಮಿಡಿಗೊಂಡವಳು ನಾನು.

ಆಮೇಲೆ ಎಲ್ಲ ಹೇಳಿದೆ. ಗುಡ್ಡ, ಧಾನ್ಯದ ಕೇಂದ್ರ, ಮೀಸೆ, ಶುಕ್ರವಾರ. ಅತ್ತೆ ಒಂದೇ ಮಾತು ಕೇಳಿದರು, "ಬಾಯಿ ಮುಚ್ಕೊಂಡಿದ್ರೆ ನಿಂಗೆ ಊಟ ಸೇರತ್ತೇನೇ?" ಹೇಗೂ ಸೇರುತ್ತಿಲ್ಲ ಅಂದೆ. "ಅದು ಕಾಣ್ತಿದೆ. ಫೆಬ್ರವರಿಯಿಂದ ಕಾಣ್ತಿದೆ" ಅಂದರು. ಎರಡು ತಟ್ಟೆ ಹಾಕಿದರು. ಇಬ್ಬರೂ ಕೂತೆವು.

ಜೂನ್ ೧೯, ಬುಧವಾರ

ಹೇಳಿದೆ. ಮೊದಲು ಮೇಡಂಗೆ, ಆಮೇಲೆ ಇಬ್ಬರೂ ಹೋಗಿ ಸಾಹೇಬರಿಗೆ.

ಇಂಗ್ಲಿಷಿನಲ್ಲಿ ಹೇಳುವಷ್ಟರಲ್ಲಿ ಹೈರಾಣಾದೆ. ಒಬ್ಬ ಗಂಡಸು ಬಹುವಚನ ಹೇಗಾಗುತ್ತಾನೆ ಎಂದು ಮೇಡಂ ಕೇಳಿದರು. ಮರ್ಯಾದೆಗೆ ಅಂದೆ. "ಮರ್ಯಾದೆ ಜಾಸ್ತಿಯಾದಷ್ಟೂ ಜನ ಜಾಸ್ತಿಯಾಗ್ತಾರಾ?" ಎಂದರು. ಹೌದು, ನಮ್ಮಲ್ಲಿ ಹಾಗೇ ಅಂದೆ.

ಸಾಹೇಬರು ಒಪ್ಪಲೇ ಇಲ್ಲ. "ಏನ್ರೀ ಇದು, ಮನೆಯವರು ಅಂದ್ರೆ ಮನೆಯವರು! ಎಲ್ಲಾರಿಗೂ ಗೊತ್ತಿರೋ ಮಾತು!" ಎಂದು ಕೂಗಾಡಿದರು. ಅಷ್ಟರಲ್ಲಿ ಅವರ ಮೇಜಿನ ಫೋನು ರಿಂಗಾಯಿತು. ಹೆಂಡತಿ. ಮಾತು ಮುಗಿಸಿ ಫೋನಿಟ್ಟರು, ಮತ್ತೆ ಎತ್ತಿಕೊಂಡು ತಾವೇ ಮನೆಗೆ ಮಾಡಿದರು. "ಕೇಳಿಲ್ಲಿ, ಒಂದು ಪ್ರಶ್ನೆ. ನಿಮ್ಮ ಮನೆಯವರು ಬೆಳಗ್ಗೆ ತಿಂಡಿ ತಿಂದ್ರಾ ಅಂತ ಯಾರಾದ್ರೂ ಕೇಳಿದ್ರೆ ಏನಂತೀಯ?" ಆ ಕಡೆಯ ಉತ್ತರ ನಮಗೂ ಕೇಳಿಸಿತು. "ನೀವೇ ತಿಂದ್ಕೊಂಡು ಹೋದ್ರಲ್ಲ, ಈಗೇನು ಅದರ ಕಥೆ?"

ಸಾಹೇಬರು ಫೋನು ಇಟ್ಟು ಕುರ್ಚಿಗೆ ಒರಗಿದರು. ಹೆಂಡತಿ ತಿಂದಳೋ ಇಲ್ಲವೋ ತಮಗೆ ಗೊತ್ತಿಲ್ಲ ಎಂದು ಅವರಿಗೂ ಹೊಳೆದಿರಬೇಕು. ಆದರೂ ಅಂದರು, "ಐದು ದೇಶದ ಮುಂದೆ ನಮ್ಮ ಮಾನ ಹೋಗತ್ತೆ."

ಮೇಡಂ ಆಗ ತಮ್ಮ ದೇಶದ ಮಾತು ಹೇಳಿದರು. ಅವರ ಭಾಷೆಯಲ್ಲಿ ಹೊಲ ಎನ್ನುವ ಪದ ನೇಗಿಲು ಹೂಡಿದ ನೆಲಕ್ಕೆ ಮಾತ್ರವಂತೆ. ಮನೆಯ ಹಿಂದೆ ಹೆಂಗಸರು ಗುದ್ದಲಿಯಲ್ಲಿ ಬೆಳೆಯುವ ಗೆಡ್ಡೆ ಸೊಪ್ಪು ಯಾವ ಲೆಕ್ಕಕ್ಕೂ ಬಾರದೆ ಎಷ್ಟೋ ವರ್ಷ ಹೋಯಿತಂತೆ. ಹಿಡಿದು ತೋರಿಸಿದ್ದು ಇನ್ನೊಂದು ದೇಶದಿಂದ ಬಂದ ಒಬ್ಬರು. "ಅವತ್ತು ನನಗೂ ಮಾನ ಹೋಯಿತು ಅನ್ನಿಸಿತ್ತು. ನಮ್ಮ ಭಾಷೆ ನಮಗೆ ಕೇಳಿಸುವುದಿಲ್ಲ. ಐದು ದೇಶ ಸೇರಿರುವುದು ಇನ್ನೇತಕ್ಕೆ?" ಎಂದರು. ಈ ಹೆಂಗಸಿನ ಮೇಲೆ ನನಗೆ ಇದ್ದ ಕೋಪ ಯಾವಾಗ ಹೋಯಿತೋ ಗೊತ್ತಿಲ್ಲ.

ಕೊನೆಗೆ ತೀರ್ಮಾನ ಇಷ್ಟು. ಮೂರು ಎನ್ನುವ ಅಂಕಿಯನ್ನು ತಡೆಹಿಡಿಯುವುದು. ಜುಲೈಯ ಸಭೆಗೆ ಮುಂಚೆ ಗುಡ್ಡದ ಕೆಲವು ಊರುಗಳಲ್ಲಿ ಮತ್ತೆ ಕೇಳುವುದು. ಕೇಳಿದಾಗಲೂ ಮೂರೇ ಬಂದರೆ ಕೇಂದ್ರಗಳು ಮುಚ್ಚುತ್ತವೆ. ತಂಡವನ್ನು ತೆಗೆಯುವುದಿಲ್ಲ. ಮೀಸೆಗೆ ಫೋನ್ ಮಾಡಿ ತಪ್ಪು ನನ್ನದು ಎಂದು ಹೇಳಿದೆ. "ಬಿಡಿಯಮ್ಮ, ನನ್ನ ಹೆಂಡ್ತೀನೂ ನನ್ನನ್ನ ಹಾಗೇ ಕರೀತಾಳೆ. ನಂಗೇ ಹೊಳೀಲಿಲ್ಲ" ಎಂದ.

ಜೂನ್ ೨೪, ಸೋಮವಾರ

ಹೊಸ ಪ್ರಶ್ನೆ ಕಟ್ಟುವುದರಲ್ಲಿ ಸಾಕುಬೇಕಾಯಿತು. "ನೀವು ಹಸಿದು ಮಲಗಿದ್ದುಂಟಾ" ಅಂದರೆ ಸಾಕಲ್ಲ ಎಂದುಕೊಂಡಿದ್ದೆ. "ನೀವು" ಅಂದರೂ ಬಹುವಚನ! ಅತ್ತೆಯ ಮೇಲೆ ಪ್ರಯೋಗಿಸಿದರೆ, "ನಾವಾ? ನಾವೆಲ್ಲ ಚೆನ್ನಾಗೇ ಇದ್ವಿ" ಅಂದರು. "ನೀನು" ಅಂತ ಕೇಳಲೇ ಎಂದರೆ ಮೀಸೆ ಕಿವಿ ಮುಚ್ಚಿಕೊಂಡ. ಗೊತ್ತಿಲ್ಲದ ಹೆಂಗಸನ್ನು ಏಕವಚನದಲ್ಲಿ ಮಾತಾಡಿಸಿದರೆ ಉತ್ತರ ಪೊರಕೆಯಲ್ಲಿ ಬರುತ್ತದಂತೆ.

ದಾರಿ ತೋರಿಸಿದ್ದು ಮೇಡಂ. ಹಸಿವಿನ ಹೆಸರೆತ್ತದೆ, ನಿನ್ನೆ ರಾತ್ರಿಯ ಪಾತ್ರೆಯಿಂದ ಶುರುಮಾಡಿ, ಒಬ್ಬೊಬ್ಬರೂ ಉಂಡರಾ ಎಂದು ಕೇಳುತ್ತ ಹೋಗುವುದು. ಅಡುಗೆ ಮಾಡಿದವಳ ಊಟ ಕೊನೆಗೆ. ಆಮೇಲೆ ವರ್ಷದ ಮಾತು. ಮೇಡಂ ನಮ್ಮ ಮನೆಗೇ ಬಂದು ಅತ್ತೆಯ ಮೇಲೆ ಪರೀಕ್ಷೆ ಮಾಡಿದರು, ನಾನು ನಡುವೆ ದುಭಾಷಿ. ಇಬ್ಬರೂ ನನ್ನ ಮೂಲಕ ಜಗಳಾಡಿದರು. ಮೇಡಂ ಊಟ ಮಾಡಿಕೊಂಡೇ ಹೋದರು.

ಜುಲೈ ೧೨, ಶುಕ್ರವಾರ

ಎಷ್ಟೋ ದಿನದ ಮೇಲೆ ಬರೆಯುತ್ತಿದ್ದೇನೆ. ಗುಡ್ಡದಲ್ಲಿ ತಿರುಗಿ ಕಾಲು ಬಾತುಕೊಂಡಿದೆ. ಅತ್ತೆ ಬಿಸಿನೀರು ಕಾಸಿಟ್ಟು ಆಗಿನಿಂದ ಕೂಗುತ್ತಿದ್ದಾರೆ, ನಾನು ಹೋಗದೆ ಊಟಕ್ಕೆ ಕೂರುವುದಿಲ್ಲವಂತೆ. ಬೇಗ ಬರೆದು ಏಳುತ್ತೇನೆ.

ಮೊದಲು ಫಲ. ಬುಧವಾರದ ಸಭೆಯಲ್ಲಿ ಹೊಸ ಅಂಕಿ ಓದಿದ್ದು ಸಾಹೇಬರೇ. ನೂರಕ್ಕೆ ನಲವತ್ತೊಂದು. ಬಿಂದು ಹಾಕಲಿಲ್ಲ. ತಪ್ಪು ಹೇಗಾಯಿತು ಎಂದು ವಿವರಿಸಲು ನನ್ನನ್ನು ಎಬ್ಬಿಸಿದರು. ನಾನು ಮುಗಿಸಿದ ಮೇಲೆ ಇನ್ನೊಂದು ದೇಶದವರು ಕೈಯೆತ್ತಿ, ತಮ್ಮ ಪ್ರಶ್ನೆಯನ್ನೂ ಒಮ್ಮೆ ನೋಡಬೇಕಾಗಿದೆ, ತಮ್ಮ ಅಂಕಿಯನ್ನೂ ಸದ್ಯಕ್ಕೆ ಹಿಂತೆಗೆದುಕೊಳ್ಳುತ್ತೇವೆ ಎಂದರು. ಅವರ ಹಿಂದೆ ಮತ್ತೊಂದು ದೇಶ. ಅಷ್ಟು ದೊಡ್ಡ ಕೋಷ್ಟಕದಲ್ಲಿ ಎರಡು ಸಾಲು ಬರಿದಾಯಿತು. ಗುಡ್ಡದ ಕೇಂದ್ರಗಳು ಮುಚ್ಚುವುದಿಲ್ಲ. ಧಾನ್ಯ ಹೆಚ್ಚಿಸುವ ಮಾತೂ ಇದೆ. ಆದರೆ ಒಂದು ಕೇಂದ್ರವನ್ನು ಯಾರೋ ಅವಸರದವರು ಜೂನಿನಲ್ಲೇ ಮುಚ್ಚಿದ್ದರಂತೆ, ಅಂಕಿಯ ಸುದ್ದಿ ಕೇಳಿಯೇ. ಆ ಒಂದು ತಿಂಗಳು ನನ್ನ ಲೆಕ್ಕದ್ದು. ಅದನ್ನು ಯಾರ ಮೇಲೂ ಹೊರಿಸಲಾರೆ.

ಗುಡ್ಡದ ಮಾತು ಬರೆಯದೆ ಏಳುವ ಮನಸ್ಸಿಲ್ಲ. ಹೊಸ ಪ್ರಶ್ನೆ ಹಿಡಿದುಕೊಂಡು ಮೊದಲ ಮನೆಗೆ ನಾನೇ ಹೋದೆ. ಮೂರೇ ಬಂದರೆ? ಮರ್ಯಾದೆಗೆ ಅಂಜಿ ಎಲ್ಲರೂ "ಆಯ್ತು, ಊಟ ಆಯ್ತು" ಅಂದುಬಿಟ್ಟರೆ?

ಆಕೆ ಜಗಲಿಯಲ್ಲಿ ಕೂತು ಮೊರದಲ್ಲಿ ಕಾಳು ಆರಿಸುತ್ತಿದ್ದಳು. ನಿನ್ನೆ ರಾತ್ರಿ ಯಾರು ಯಾರು ಉಂಡರು ಎಂದು ಕೇಳಿದೆ. ಕೈ ನಿಲ್ಲಿಸದೆ ಹೇಳಿದಳು. "ಮನೆಯವರು ಉಂಡ್ರು. ಮಾವ ಉಂಡ್ರು. ದೊಡ್ಡವನು ಉಂಡ. ಚಿಕ್ಕೋಳು ಅರ್ಧ ಬಿಟ್ಲು, ಅದನ್ನ ದೊಡ್ಡವನೇ ಮುಗಿಸ್ದ."

"ನೀವು?"

ಆಕೆ ಹಿಂದೆ ತಿರುಗಿ ಬಾಗಿಲ ಕಡೆ ನೋಡಿದಳು. ತನ್ನ ಹಿಂದೆ ಯಾರಾದರೂ ಬಂದು ನಿಂತಿರಬೇಕು, ನಾನು ಅವರನ್ನು ಕೇಳುತ್ತಿದ್ದೇನೆ ಎಂದುಕೊಂಡಳು. ಬಾಗಿಲಲ್ಲಿ ಯಾರೂ ಇರಲಿಲ್ಲ.

"ನಾನಾ?"

"ಹೂಂ. ನೀವೊಬ್ರೇ."

ಕಾಳಿನ ಮೇಲೆ ಕೈ ನಿಂತಿತು. "ನಂದೂ ಲೆಕ್ಕಕ್ಕೆ ಬರತ್ತಾ?" ಎಂದು ಕೇಳಿದಳು.

"ಬರತ್ತೆ" ಅಂದೆ.

ಆಕೆ ಮೊರವನ್ನು ಪಕ್ಕಕ್ಕಿಟ್ಟಳು. "ನಿನ್ನೆ ಇಲ್ಲ. ಮೊನ್ನೆ ಒಂಚೂರು. ಅದರ ಹಿಂದಿನ ದಿನವೂ ಇಲ್ಲ" ಎಂದಳು. ದನಿಯಲ್ಲಿ ದೂರೂ ಇರಲಿಲ್ಲ, ನಾಚಿಕೆಯೂ ಇರಲಿಲ್ಲ. ನಾನು ಬರೆದುಕೊಳ್ಳುವುದನ್ನು ಬಗ್ಗಿ ನೋಡಿದಳು, ನಿಜವಾಗಿ ಬರೆಯುತ್ತಿದ್ದೇನೋ ಇಲ್ಲವೋ ಅಂತ. ಆಮೇಲೆ ಎದ್ದು ಬೇಲಿಯ ಹತ್ತಿರ ಹೋಗಿ ಪಕ್ಕದ ಮನೆಗೆ ಕೂಗಿದಳು.

"ಏ, ಬಾರೇ ಇಲ್ಲಿ!"

"ಯಾಕೆ, ಏನಂತೆ?"

"ಉಂಡ್ರಾ ಅಂತ ಕೇಳ್ತಿದಾರೆ. ಅವರನ್ನಲ್ಲ ಕಣೇ, ನಮ್ಮನ್ನ!"